ಬಯೋಸ್ ಕೆಟ್ಟರೆ ಮದರ್‌ಬೋರ್ಡ್ ಹೋದಂತಲ್ಲ

ಮಾನ್ಯ ಸಂಪಾದಕರೇ,

ಕಂಪ್ಯೂಟರನ್ನು ಎಬ್ಬಿಸುವ ಮೊದಲ ತಂತ್ರಾಂಶವಾದ ಬಯೋಸ್‌ನ ಅಪ್‌ಡೇಟ್ ಅರ್ಧಕ್ಕೆ ನಿಂತು ಯಂತ್ರ ಆನ್ ಆಗದೆ ಹೋದಾಗ, ‘ಮದರ್‌ಬೋರ್ಡ್ (ಯಂತ್ರದ ಭಾಗಗಳನ್ನೆಲ್ಲ ಜೋಡಿಸುವ ಮುಖ್ಯ ಫಲಕ) ಹೋಗಿದೆ, ಹೊಸದೇ ಹಾಕಬೇಕು’ ಎಂದು ಗಿರಾಕಿಯನ್ನು ವಾಪಸು ಕಳುಹಿಸುವ ಅಂಗಡಿಗಳಿವೆ. ಬಹಳಷ್ಟು ಸಲ ಆ ಮಾತು ನಿಜವಲ್ಲವೆಂಬುದು ನನಗೆ ಅನುಭವದಿಂದ ತಿಳಿದಿರುವ ಕಾರಣ ಈ ಪತ್ರ ಬರೆಯುತ್ತಿದ್ದೇನೆ.

ಮಂಡ್ಯ ತಾಲ್ಲೂಕಿನ ಪ್ರೌಢಶಾಲೆಯೊಂದಕ್ಕೆ ಹಳೆಯ ವಿದ್ಯಾರ್ಥಿಗಳು ಕೊಟ್ಟ ಆರು ಡೆಸ್ಕ್‌ಟಾಪ್‌ಗಳನ್ನು ನಿವೃತ್ತಿಯ ನಂತರ ನಾನು ನೋಡಿಕೊಳ್ಳುತ್ತಿದ್ದೇನೆ. ಪ್ರತಿಯೊಂದರಲ್ಲೂ ಇದ್ದದ್ದು 4 ಜಿಬಿ ರ‍್ಯಾಮ್. ಈ ಮೆಮೊರಿ ಸಾಲದಾದಾಗ ಯಂತ್ರವು ಹಾರ್ಡ್‌ಡಿಸ್ಕಿನ ಒಂದು ಭಾಗವನ್ನೇ ಮೆಮೊರಿಯ ಬದಲಿಗೆ ಬಳಸತೊಡಗುತ್ತದೆ. ಡಿಸ್ಕಿನ ವೇಗ ರ‍್ಯಾಮಿನ ಹತ್ತಿರಕ್ಕೂ ಬಾರದ ಕಾರಣ, ಮಕ್ಕಳು ಎರಡು ಪುಟ ತೆರೆದು ಮೂರನೆಯದಕ್ಕೆ ಕಾದು ಕುಳಿತಿರುತ್ತಿದ್ದರು. ಹಾಗಾಗಿ ಎಲ್ಲಕ್ಕೂ ಇನ್ನೊಂದು 4 ಜಿಬಿ ಡಿಡಿಆರ್4 ರ‍್ಯಾಮ್ ಹಾಕಿದೆವು. ಐದು ಯಂತ್ರಗಳು 8 ಜಿಬಿ ತೋರಿಸಿದವು, ಆರನೆಯದು ಮಾತ್ರ ನಾಲ್ಕರಲ್ಲೇ ಉಳಿಯಿತು. ರ‍್ಯಾಮ್ ಮಾರಿದವರಿಗೆ ಫೋನ್ ಮಾಡಿದರೆ ಬಯೋಸ್ ಅಪ್‌ಡೇಟ್ ಮಾಡಿ ಎಂದರು. ಅಪ್‌ಡೇಟ್ ನಡೆಯುತ್ತಿದ್ದಾಗಲೇ ಸಂಜೆಯ ಮಳೆಗೆ ಕರೆಂಟ್ ಹೋಯಿತು. ಯುಪಿಎಸ್‌ನ ಬ್ಯಾಟರಿ ಹಳೆಯದಾಗಿದ್ದು ಅರ್ಧ ನಿಮಿಷವೂ ತಡೆಯಲಿಲ್ಲ. ಆಮೇಲೆ ಫ್ಯಾನ್ ತಿರುಗುತ್ತಿತ್ತೇ ಹೊರತು ಪರದೆಯ ಮೇಲೆ ಏನೂ ಮೂಡಲಿಲ್ಲ.

ಇಂತಹ ಹೊತ್ತಿನಲ್ಲಿ ಒಳಗೆ ಆಗಿರುವುದೇನೆಂದು ಸಾರ್ವಜನಿಕರು ತಿಳಿದಿರಬೇಕು. ಬಯೋಸ್ ಎಂಬ ಫರ್ಮ್‌ವೇರ್, ಅಂದರೆ ಚಿಪ್‌ನಲ್ಲೇ ಬರೆದಿಟ್ಟ ತಂತ್ರಾಂಶ, ಮದರ್‌ಬೋರ್ಡಿನ ಮೇಲಿರುವ, ಸಾಮಾನ್ಯವಾಗಿ ಎಂಟು ಕಾಲುಗಳ, ಉಗುರಿಗಿಂತ ಚಿಕ್ಕದಾದ ಒಂದು ಚಿಪ್‌ನಲ್ಲಿರುತ್ತದೆ. ಪ್ರೊಸೆಸರ್ ತನ್ನ ಮೊದಲ ಆದೇಶಗಳನ್ನು ಓದುವುದು ಅಲ್ಲಿಂದಲೇ. ಅಪ್‌ಡೇಟ್ ಎಂದರೆ ಅಲ್ಲಿದ್ದುದನ್ನು ಅಳಿಸಿ ಹೊಸದನ್ನು ಬರೆಯುವುದು. ನಡುವೆ ವಿದ್ಯುತ್ ನಿಂತರೆ ಬರಹ ಅರೆಬರೆಯಾಗಿ ಉಳಿಯುತ್ತದೆ. ಪ್ರೊಸೆಸರ್, ರ‍್ಯಾಮ್, ಡಿಸ್ಕ್, ಬೋರ್ಡು ಎಲ್ಲವೂ ಚೆನ್ನಾಗಿಯೇ ಇರುತ್ತವೆ, ಆದರೆ ಅವನ್ನು ಎಬ್ಬಿಸುವ ಮೊದಲ ಬರಹವೇ ಇರುವುದಿಲ್ಲ. ಕೆಟ್ಟಿರುವುದು ಬರಹ, ಬರಹವನ್ನು ಮತ್ತೆ ಬರೆಯಬಹುದು.

ಮಂಡ್ಯದ ಅಂಗಡಿಯವರು ಚಿಪ್ ಮುಟ್ಟಿಯೂ ನೋಡದೆ ಹೊಸ ಬೋರ್ಡಿಗೆ ಎಂಟು ಸಾವಿರ ರೂಪಾಯಿ ಕೇಳಿದರು. ಮನಸ್ಸೊಪ್ಪದೆ ಮೈಸೂರಿನ ಸರಸ್ವತಿಪುರಂನಲ್ಲಿ ಚಿಕ್ಕದೊಂದು ಅಂಗಡಿ ಇಟ್ಟುಕೊಂಡಿರುವ ಯುವಕನೊಬ್ಬನ ಬಳಿಗೆ ಒಯ್ದೆ. ಆತ ಮೊದಲು ತಯಾರಕರೇ ಕೊಟ್ಟಿರುವ ದಾರಿಯನ್ನು ಪ್ರಯತ್ನಿಸಿದ. ಎಚ್‌ಪಿಯ ಅನೇಕ ಯಂತ್ರಗಳಲ್ಲಿ ವಿಂಡೋಸ್ ಮತ್ತು ಬಿ ಕೀಲಿಗಳನ್ನು, ಡೆಲ್‌ನ ಅನೇಕ ಮಾದರಿಗಳಲ್ಲಿ ಕಂಟ್ರೋಲ್ ಮತ್ತು ಎಸ್ಕೇಪ್ ಕೀಲಿಗಳನ್ನು ಒತ್ತಿ ಹಿಡಿದು ಆನ್ ಮಾಡಿದರೆ ಬಯೋಸ್ ಮರುಸ್ಥಾಪನೆ ಆರಂಭವಾಗುತ್ತದೆ. ಗಿಗಾಬೈಟ್‌ನ ಕೆಲವು ಬೋರ್ಡುಗಳಲ್ಲಿ ಮೊದಲನೆಯದು ಕೆಟ್ಟರೆ ನೆರವಾಗಲು ಎರಡನೆಯ ಬಯೋಸ್ ಚಿಪ್ಪೇ ಇರುತ್ತದೆ. ಆಸುಸ್ ಮತ್ತು ಎಂಎಸ್‌ಐನ ಕೆಲವು ಬೋರ್ಡುಗಳ ಹಿಂಬದಿಯ ಫ್ಲ್ಯಾಶ್‌ಬ್ಯಾಕ್ ಗುಂಡಿ ಒತ್ತಿದರೆ ಬೋರ್ಡು ಬಯೋಸ್ ಫೈಲನ್ನು ಪೆನ್‌ಡ್ರೈವ್‌ನಿಂದ ನೇರವಾಗಿ ಓದಿಕೊಳ್ಳುತ್ತದೆ. ನಮ್ಮ ಯಂತ್ರ ತಯಾರಕರ ದಾರಿಗೆ ಸ್ಪಂದಿಸದಿದ್ದಾಗ ಆತ ಚಿಪ್‌ಗೆ ಕ್ಲಿಪ್ ಹಾಕಿ, ಚಿಪ್ ಓದಿ ಬರೆಯುವ ಪ್ರೋಗ್ರಾಮರ್ ಸಾಧನಕ್ಕೆ ಜೋಡಿಸಿದ. ಬರೆಯುವ ಮುನ್ನ ಇದ್ದುದನ್ನು ಎರಡು ಸಲ ಓದಿ, ಎರಡೂ ಪ್ರತಿಗಳು ತಾಳೆಯಾಗುತ್ತವೆಯೇ ನೋಡಿ, ಒಂದನ್ನು ಉಳಿಸಿಟ್ಟುಕೊಂಡ. ಯಂತ್ರದ ಸೀರಿಯಲ್ ಸಂಖ್ಯೆಯಂತಹ ವಿವರಗಳು ಹಲವು ಯಂತ್ರಗಳಲ್ಲಿ ಆ ಚಿಪ್‌ನಲ್ಲೇ ಇರುವುದರಿಂದ ಈ ಎಚ್ಚರಿಕೆ ಬೇಕೆಂದು ನನಗೂ ತಿಳಿಸಿ ಹೇಳಿದ. ತಯಾರಕರ ಜಾಲತಾಣದ ಫೈಲನ್ನು ಬರೆದು ಪರಿಶೀಲಿಸಿದ ಮೇಲೆ ಯಂತ್ರ ಎದ್ದಿತು. ತಗುಲಿದ ವೆಚ್ಚ 700 ರೂಪಾಯಿ.

ನನಗೆ ಹೆಚ್ಚು ನೋವಾದದ್ದು ಮುಂದಿನ ಸಂಗತಿಯಿಂದ. ಹೊಸ ರ‍್ಯಾಮ್ ಸ್ಲಾಟಿನಲ್ಲಿ ಪೂರ್ತಿ ಕುಳಿತೇ ಇರಲಿಲ್ಲ. ಆ ಬೋರ್ಡಿನಲ್ಲಿ ಕೊಂಡಿ ಒಂದೇ ಬದಿಗಿದ್ದು, ಅದು ಮುಚ್ಚಿದ್ದರಿಂದ ಇನ್ನೊಂದು ತುದಿ ಎದ್ದಿದ್ದು ಕಣ್ಣಿಗೆ ಬಿದ್ದಿರಲಿಲ್ಲ. ಅಂದರೆ ಆ ಅಪ್‌ಡೇಟ್ ಬೇಕಾಗಿಯೇ ಇರಲಿಲ್ಲ. ರ‍್ಯಾಮ್ ತೋರಿಸದಿದ್ದರೆ ಮೊದಲು ವಿದ್ಯುತ್ ತಂತಿ ಕಳಚಿ, ಅದನ್ನು ತೆಗೆದು ಎರಡೂ ತುದಿ ಒತ್ತಿ ಕೂರಿಸಿ, ಸ್ಲಾಟ್ ಬದಲಿಸಿ ನೋಡಬೇಕು. ಬಯೋಸಿಗೆ ಕೈಹಾಕುವುದು ಕೊನೆಯ ಹೆಜ್ಜೆ. ಹಾಕಲೇಬೇಕಾದಾಗ ಯುಪಿಎಸ್ ಬ್ಯಾಟರಿ ಪರೀಕ್ಷಿಸಿರಬೇಕು, ಲ್ಯಾಪ್‌ಟಾಪ್ ಆದರೆ ಚಾರ್ಜರ್ ಸಿಕ್ಕಿಸಿರಬೇಕು. ಡಿಸ್ಕಿಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ ಇರುವ ಯಂತ್ರ ಅಪ್‌ಡೇಟಿನ ಬಳಿಕ ಬೀಗ ತೆರೆಯುವ 48 ಅಂಕಿಗಳ ಸಂಖ್ಯೆ ಕೇಳಬಹುದಾದ್ದರಿಂದ ಅದನ್ನೂ ಮೊದಲೇ ಬರೆದಿಟ್ಟುಕೊಳ್ಳಬೇಕು.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ, ಹಳೆಯ ಯಂತ್ರಕ್ಕೆ ರ‍್ಯಾಮ್ ಹಾಕಿಸಿ, ಬಯೋಸ್ ಅಪ್‌ಡೇಟ್ ಮಾಡಿಸಿ ಮುಂದುವರಿಸಬೇಕೆನ್ನುವವರು ಅನೇಕರಿದ್ದಾರೆ. ಎಐ ಡೇಟಾ ಸೆಂಟರ್‌ಗಳ ಬೇಡಿಕೆಯಿಂದ ಆ ವರ್ಷದ ಕೊನೆಯಲ್ಲಿ ಮೆಮೊರಿಯ ಬೆಲೆಯೂ ಏರಿತು. ಈ ಸಮಯದಲ್ಲಿ ಸರಿ ಇರುವ ಬೋರ್ಡು ಗುಜರಿಗೆ ಹೋಗುವುದನ್ನು ನಾವು ತಡೆಯಬೇಕು. ಅಂಗಡಿಯವರು ಬೋರ್ಡು ಹೋಗಿದೆ ಎನ್ನುವ ಮುನ್ನ ತಾವು ಏನನ್ನು ಪರೀಕ್ಷಿಸಿದೆವೆಂದು ಚೀಟಿಯಲ್ಲಿ ಬರೆದುಕೊಡಲಿ, ಗಿರಾಕಿಗಳೂ ಅದನ್ನು ಕೇಳಿ ಪಡೆಯಲಿ. ತಕರಾರಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ.

ಚಿಪ್‌ಗೆ ಬರೆಯುವ ಸರಳ ಪ್ರೋಗ್ರಾಮರ್ ಸಾವಿರ ರೂಪಾಯಿಯೊಳಗೇ ಸಿಗುತ್ತದೆ, ಆದರೆ 1.8 ವೋಲ್ಟ್‌ನ ಚಿಪ್‌ಗೆ 3.3 ವೋಲ್ಟ್ ಕೊಟ್ಟರೆ ಚಿಪ್ಪೇ ಹಾಳಾಗಬಹುದಾದ್ದರಿಂದ ಇದು ಕಲಿತು ಮಾಡಬೇಕಾದ ಕೆಲಸ. ಮಂಡ್ಯ ಮತ್ತು ಮೈಸೂರಿನ ಐಟಿಐಗಳಲ್ಲಿ ಕಂಪ್ಯೂಟರ್ ಹಾರ್ಡ್‌ವೇರ್ ಕಲಿಯುವ ಪ್ರತಿ ವಿದ್ಯಾರ್ಥಿಯೂ ಕೆಟ್ಟ ಬಯೋಸ್ ಚಿಪ್ ಒಂದನ್ನು ತನ್ನ ಕೈಯಾರೆ ಓದಿ, ಬರೆದು, ಬೋರ್ಡು ಎಬ್ಬಿಸಿದ ಮೇಲೆಯೇ ಹೊರಬರುವಂತೆ ಸಂಬಂಧಪಟ್ಟವರು ಏರ್ಪಾಡು ಮಾಡಬೇಕೆಂದು ಕೋರುತ್ತೇನೆ.

– ನಿವೃತ್ತ ವಿಜ್ಞಾನ ಶಿಕ್ಷಕ, ಮಂಡ್ಯ