ದೋಣಿಮನೆ, ಗಾಡಿಮನೆಗಳ ಸಾಲದ ಬಡ್ಡಿ: ಈ ವರ್ಷದಿಂದ ಒಂದು ಬದಲಾವಣೆ

ಮಾನ್ಯ ಗ್ರಾಹಕರೇ,

ಅಮೆರಿಕದ 2025ರ ತೆರಿಗೆ ರಿಟರ್ನ್ ತಯಾರಿಸಲು ನೀವು ಕಾಗದಪತ್ರ ಕಳುಹಿಸುವ ಮುನ್ನ ಒಂದು ವಿಷಯ ತಿಳಿಸಬೇಕಾಗಿದೆ. ದೋಣಿ, ಆರ್‌ವಿ (ಒಳಗೇ ವಾಸಿಸಬಹುದಾದ ಮೋಟಾರು ಗಾಡಿ), ಟ್ರೇಲರ್, ಚಕ್ರದ ಮೇಲಿನ ಪುಟ್ಟ ಮನೆ, ಇವುಗಳ ಸಾಲದ ಬಡ್ಡಿಯನ್ನು ಗೃಹಸಾಲದ ಬಡ್ಡಿಯೆಂದು ಆದಾಯದಿಂದ ಕಳೆಯಬೇಕಾದರೆ ಸಾಲಪತ್ರವನ್ನು ಇನ್ನು ಮುಂದೆ ನಾವು ಕಣ್ಣಾರೆ ನೋಡಲೇಬೇಕು. ಫೋನಿನಲ್ಲಿ ಹೇಳಿದ ಮೊತ್ತವನ್ನು ಬರೆದುಕೊಂಡು ಮುಂದಿನ ಪುಟಕ್ಕೆ ಹೋಗುವ ರೂಢಿಯನ್ನು ನಿಲ್ಲಿಸಿದ್ದೇವೆ.

ಕಾರಣ ನಮ್ಮದೇ ತಪ್ಪು. ಗ್ರಾಹಕ ದಂಪತಿಯೊಬ್ಬರು ದೋಣಿಮನೆ ಕೊಂಡಿದ್ದರು. ಒಳಗೆ ಎಲ್ಲ ಅನುಕೂಲವೂ ಇತ್ತು, ಬಡ್ಡಿಯನ್ನೂ ತಪ್ಪದೆ ಕಟ್ಟಿದ್ದರು. ನಾವು ಕಳೆದೆವು. ಆಮೇಲೆ ನೋಡಿದರೆ ಅದು ವೈಯಕ್ತಿಕ ಸಾಲ. ದೋಣಿಯನ್ನು ಯಾರಿಗೂ ಅಡವಿಟ್ಟಿರಲೇ ಇಲ್ಲ. ಅವರು ಸುಳ್ಳು ಹೇಳಿರಲಿಲ್ಲ, ನಾವು ಕೇಳಿರಲಿಲ್ಲ. 1040-ಎಕ್ಸ್ ಅರ್ಜಿಯಲ್ಲಿ ತಿದ್ದುಪಡಿ ಸಲ್ಲಿಸಿ ನಮ್ಮ ಶುಲ್ಕವನ್ನು ಬಿಟ್ಟೆವು. ಆದರೆ ಬಾಕಿ ತೆರಿಗೆಯನ್ನೂ ಅದರ ಮೇಲಿನ ಬಡ್ಡಿಯನ್ನೂ ಅವರೇ ತೆರಬೇಕಾಯಿತು.

ವಿಚಿತ್ರವೆಂದರೆ, ಮನೆ ಯಾವುದು ಎಂಬ ವಿಷಯದಲ್ಲಿ ಅಮೆರಿಕದ ತೆರಿಗೆ ಇಲಾಖೆ ನಾವು ಅಂದುಕೊಳ್ಳುವುದಕ್ಕಿಂತ ಧಾರಾಳಿ. ಐಆರ್‌ಎಸ್‌ನ 936ನೇ ಪ್ರಕಟಣೆಯ ಪ್ರಕಾರ ಮಲಗುವ, ಅಡುಗೆ ಮಾಡುವ, ಶೌಚದ ವ್ಯವಸ್ಥೆ ಇದ್ದರೆ ದೋಣಿಯೂ ಮನೆ, ಟ್ರೇಲರೂ ಮನೆ. ತಳಪಾಯದ ಮಾತೇ ಅಲ್ಲಿಲ್ಲ. ಹಾಸಿಗೆ ಮಾತ್ರ ಇರುವ ಹಾಯಿದೋಣಿ ಎಷ್ಟೇ ದುಬಾರಿಯಾದರೂ ಮನೆಯಲ್ಲ. ಮೂರೂ ಇರುವ ಹಳೆಯ ಆರ್‌ವಿ ಮನೆಯೇ. ಮಣ್ಣಿನ ಗೋಡೆಯದೋ ಹಡಗಿನ ಕಂಟೇನರಿನದೋ ಮನೆ ಕಟ್ಟಿಸುತ್ತಿರುವವರಿಗೂ ದಾರಿ ಇದೆ: ಕಾಮಗಾರಿ ಆರಂಭವಾದ ನಂತರದ ಗರಿಷ್ಠ 24 ತಿಂಗಳ ಅವಧಿಯನ್ನು ಮನೆಯ ಲೆಕ್ಕಕ್ಕೆ ತೆಗೆದುಕೊಳ್ಳಬಹುದು, ಮುಗಿದ ಮೇಲೆ ಅದು ನಿಜಕ್ಕೂ ನಿಮ್ಮ ವಾಸದ ಮನೆ ಅಥವಾ ಎರಡನೆಯ ಮನೆಯಾಗಬೇಕು ಅಷ್ಟೆ.

ಇಲಾಖೆಯ ಬಿಗಿ ಇರುವುದು ಸಾಲದ ವಿಷಯದಲ್ಲಿ. ಆ ಮನೆಯನ್ನೇ ಸಾಲಕ್ಕೆ ಆಧಾರವಾಗಿ ಕೊಟ್ಟಿರಬೇಕು, ಆ ಹಕ್ಕು ನಿಮ್ಮ ರಾಜ್ಯದ ಕಾನೂನಿನಂತೆ ದಾಖಲಾಗಿರಬೇಕು. ಆರ್‌ವಿಯಾದರೆ ಸಾಮಾನ್ಯವಾಗಿ ಟೈಟಲ್ ಪತ್ರದಲ್ಲಿ, ಅಂದರೆ ಗಾಡಿಯ ಒಡೆತನದ ಪತ್ರದಲ್ಲಿ, ಸಾಲ ಕೊಟ್ಟವರ ಹೆಸರು ಇರುತ್ತದೆ. ಕೋಸ್ಟ್ ಗಾರ್ಡ್‌ (ಕರಾವಳಿ ಕಾವಲು ಪಡೆ)ನಲ್ಲಿ ನೋಂದಾಯಿಸಿದ ದೋಣಿಯಾದರೆ ಅಡಮಾನ ಅಲ್ಲಿನ ದಾಖಲೆಯಲ್ಲಿ ಸಿಗುತ್ತದೆ. ಕ್ರೆಡಿಟ್ ಕಾರ್ಡಿನ ಸಾಲ, ಭಾವಮೈದುನನಿಂದ ತಂದ ಕೈಸಾಲ, ಆಧಾರವಿಲ್ಲದ ವೈಯಕ್ತಿಕ ಸಾಲ, ಇವುಗಳಿಂದ ಅರಮನೆಯನ್ನೇ ಕೊಂಡರೂ ಬಡ್ಡಿ ಕಳೆಯಲಾಗದು.

‘ಬ್ಯಾಂಕಿನಿಂದ 1098 ನಮೂನೆ ಬಂದಿಲ್ಲ, ಹಾಗಾದರೆ ಕಡಿತವೂ ಇಲ್ಲವೇ?’ ಎಂದು ಹಲವರು ಕೇಳುತ್ತಾರೆ. ಕಟ್ಟಿದ ಬಡ್ಡಿಯನ್ನು ತಿಳಿಸುವ ಆ ನಮೂನೆ ಇರುವುದು ಸ್ಥಿರಾಸ್ತಿಯ ಮೇಲಿನ ಸಾಲಕ್ಕೆ. ತೇಲುವ, ಉರುಳುವ ಮನೆಗಳಿಗೆ ಅದು ಬಾರದಿರುವುದು ಸಹಜ. ಬಾರದಿದ್ದರೂ ಕಡಿತಗಳನ್ನು ಒಂದೊಂದಾಗಿ ಪಟ್ಟಿಮಾಡುವ ಶೆಡ್ಯೂಲ್ ಎ ಯಲ್ಲಿ ಬೇರೆ ಸಾಲಿನಲ್ಲಿ ತೋರಿಸಬಹುದು. ಹಾಗಾಗಿಯೇ ವರ್ಷದಲ್ಲಿ ಕಟ್ಟಿದ ಬಡ್ಡಿ ಎಷ್ಟೆಂದು ಸಾಲ ಕೊಟ್ಟವರಿಂದ ಬರೆಸಿಕೊಂಡ ಪತ್ರವನ್ನೂ ನಾವು ಕೇಳುತ್ತೇವೆ.

ವಾಸದ ಮನೆಯ ಜೊತೆಗೆ ಇನ್ನೊಂದೇ ಮನೆಗೆ ಈ ಸೌಲಭ್ಯ. ದೋಣಿಯೂ ಆರ್‌ವಿಯೂ ಇದ್ದವರು ಒಂದನ್ನು ಆರಿಸಿಕೊಳ್ಳಬೇಕು. ಆ ಎರಡನೆಯದನ್ನು ಬಾಡಿಗೆಗೆ ಕೊಟ್ಟಿದ್ದರೆ, ನೀವು ಸ್ವತಃ 14 ದಿನಕ್ಕಿಂತ ಹೆಚ್ಚು ಅಥವಾ ಬಾಡಿಗೆಯ ದಿನಗಳ ಶೇ. 10ಕ್ಕಿಂತ ಹೆಚ್ಚು, ಎರಡರಲ್ಲಿ ಯಾವುದು ದೊಡ್ಡದೋ ಅಷ್ಟು ದಿನ ಬಳಸಿರಬೇಕು. 2017ರ ಡಿಸೆಂಬರ್ 15ರ ನಂತರದ ಸಾಲಗಳಾದರೆ ಎರಡೂ ಮನೆಗಳದು ಸೇರಿ 7,50,000 ಡಾಲರ್‌ವರೆಗಿನ ಸಾಲದ ಬಡ್ಡಿಗೆ ಮಾತ್ರ ಕಡಿತ.

ಈಗ ನಮ್ಮ ವ್ಯಾಪಾರಕ್ಕೆ ನಷ್ಟವಾಗುವ ಮಾತು. ಇಷ್ಟೆಲ್ಲ ಕಾಗದ ಕೂಡಿಸಿದರೂ ನಿಮ್ಮಲ್ಲಿ ಹಲವರಿಗೆ ಒಂದು ಡಾಲರ್ ಕೂಡ ಉಳಿಯದಿರಬಹುದು. 2025ರಲ್ಲಿ ಜಂಟಿಯಾಗಿ ಸಲ್ಲಿಸುವ ದಂಪತಿಗೆ 31,500 ಡಾಲರ್ ಪ್ರಮಾಣಿತ ಕಡಿತ ಖರ್ಚಿನ ಲೆಕ್ಕ ಕೊಡದೆಯೂ ಹೇಗೂ ಸಿಗುತ್ತದೆ. ಅದು ಅಥವಾ ಖರ್ಚುಗಳ ಪಟ್ಟಿ, ಎರಡರಲ್ಲಿ ಒಂದನ್ನೇ ಆರಿಸಬೇಕು. ನಿಮ್ಮ ಬಡ್ಡಿ 9,000, ರಾಜ್ಯದ ಮತ್ತು ಆಸ್ತಿಯ ತೆರಿಗೆ 12,000, ದಾನ 2,000 ಎಂದಿಟ್ಟುಕೊಳ್ಳಿ. ಒಟ್ಟು 23,000. ಪ್ರಮಾಣಿತ ಕಡಿತವೇ ಮೇಲು. ‘ತೆರಿಗೆ ಉಳಿಯುತ್ತದೆ’ ಎಂಬ ಮಾರಾಟಗಾರರ ಮಾತು ಕೇಳಿ ದೋಣಿ ಕೊಳ್ಳಲು ಹೊರಟವರು ಮುಂಗಡ ಕೊಡುವ ಮೊದಲು ನಮಗೊಂದು ಫೋನ್ ಮಾಡಿ. ಆ ಮಾತುಕತೆಗೆ ಶುಲ್ಕವಿಲ್ಲ. ಪರ್ಯಾಯ ಕನಿಷ್ಠ ತೆರಿಗೆಯ (ಕೆಲವು ಕಡಿತಗಳನ್ನು ಒಪ್ಪದೆ ತೆರಿಗೆಯನ್ನು ಬೇರೆಯಾಗಿ ಲೆಕ್ಕ ಹಾಕುವ ಪದ್ಧತಿ) ವ್ಯಾಪ್ತಿಗೆ ಬರುವವರಂತೂ ಮೊದಲೇ ಕೇಳಲೇಬೇಕು, ಆ ಲೆಕ್ಕದಲ್ಲಿ ದೋಣಿಯ ಬಡ್ಡಿ ನಡೆಯುವುದಿಲ್ಲ.

ಹೊಸ ಪರಿಶೀಲನೆಗೆ ಹೆಚ್ಚುವರಿ ಶುಲ್ಕ ಇಲ್ಲ. ಕಳೆದ ಮೂರು ವರ್ಷಗಳಲ್ಲಿ ನಮ್ಮ ಮೂಲಕ ಇಂಥ ಬಡ್ಡಿ ಕಳೆದವರಿಗೆ ನಾವೇ ಕರೆ ಮಾಡಿ ಹಳೆಯ ಸಾಲಪತ್ರ ಕೇಳುತ್ತೇವೆ. ಗಾಬರಿಯಾಗಬೇಡಿ, ಇಲಾಖೆಯಿಂದ ನೋಟಿಸ್ ಬಂದಿದೆ ಎಂದಲ್ಲ. ಸಾಲಪತ್ರ, ಟೈಟಲ್ ಅಥವಾ ಅಡಮಾನದ ದಾಖಲೆ, ಬಡ್ಡಿಯ ಪತ್ರ, ಇವುಗಳ ಜೊತೆಗೆ ಒಳಗಿನ ಒಂದು ಫೋಟೋ ಇರಲಿ. ಹಾಸಿಗೆ, ಒಲೆ ಸ್ಪಷ್ಟವಾಗಿ ಕಾಣಬೇಕು. ಮೂರನೆಯದರ ಬಾಗಿಲು ಮುಚ್ಚಿದ್ದರೂ ನಂಬುತ್ತೇವೆ.

ಇತಿ,
ನಿಮ್ಮ ತೆರಿಗೆ ಲೆಕ್ಕದ ಕಚೇರಿಯವರು