ಮೇಲಿರುವವರ ತಲೆಸ್ನಾನ

ಹ್ಯೂಸ್ಟನ್

ಪ್ರೀತಿಯ ಅಮ್ಮನಿಗೆ,

ನಿನ್ನ ಮಗಳ ನಮಸ್ಕಾರ. ನಾವೆಲ್ಲ ಇಲ್ಲಿ ಚೆನ್ನಾಗಿದ್ದೇವೆ. ಅಪ್ಪನ ಮಂಡಿನೋವು ಈಗ ಹೇಗಿದೆ?

ಹೋದ ವಾರ ಫೋನಿನಲ್ಲಿ ಕೇಳಿದೆಯಲ್ಲ, "ಆ ಗಗನಯಾತ್ರಿ ಸುನಿತಾ ವಿಲಿಯಮ್ಸ್ ಒಂಬತ್ತು ತಿಂಗಳು ಮೇಲೆ ಬಾಹ್ಯಾಕಾಶದಲ್ಲಿ ಇದ್ದಳಲ್ಲ, ತಲೆಗೆ ಹೇಗೆ ನೀರು ಹಾಕ್ಕೋತಿದ್ದಳೋ" ಅಂತ. ಇಲ್ಲಿನ ಸ್ಪೇಸ್ ಸೆಂಟರ್ ನೋಡಿ ಬಂದಾಗಿನಿಂದ ನನ್ನ ತಲೆಯಲ್ಲೂ ಅದೇ ಕೂತಿದೆ. ಫೋನಿನಲ್ಲಿ ಅರ್ಧಂಬರ್ಧ ಆಗುತ್ತೆ, ಅದಕ್ಕೇ ಬರೆಯುತ್ತಿದ್ದೇನೆ.

ಅವರು ಇದ್ದ ಬಾಹ್ಯಾಕಾಶ ನಿಲ್ದಾಣದಲ್ಲಿ ಬಚ್ಚಲುಮನೆ ಅಂತ ಇಲ್ಲಮ್ಮ. ನೀರು ಸುರಿದರೆ ಕೆಳಗೆ ಬೀಳುವುದಿಲ್ಲ. ಉಂಡೆಯಾಗಿ ತೇಲುತ್ತದೆ, ಮೈಗೆ ತಾಗಿದರೆ ಅಲ್ಲೇ ಅಂಟಿಕೊಳ್ಳುತ್ತದೆ. 1973ರಲ್ಲಿ ಸ್ಕೈಲ್ಯಾಬ್ ಅನ್ನೋ ಅಮೆರಿಕದ ಹಳೆಯ ಬಾಹ್ಯಾಕಾಶ ನಿಲ್ದಾಣದಲ್ಲಿ ಒಂದು ಶವರ್ ಇಟ್ಟಿದ್ದರು. ಸ್ನಾನ ಮುಗಿದ ಮೇಲೆ ಹನಿಹನಿಯನ್ನೂ ವ್ಯಾಕ್ಯೂಮ್‌ನಿಂದ ಹೀರಬೇಕು. ಒಂದು ಸ್ನಾನಕ್ಕೆ ಎರಡೂವರೆ ಗಂಟೆ ಹಿಡಿಯುತ್ತಿತ್ತಂತೆ. ಈಗಿನವರು ಒದ್ದೆ ಟವೆಲ್ಲಿನಲ್ಲಿ ಮೈ ಒರೆಸಿಕೊಳ್ಳುತ್ತಾರೆ, ಅಷ್ಟೇ.

ತಲೆಸ್ನಾನವನ್ನು ಕರೆನ್ ನೈಬರ್ಗ್ ಎಂಬ ಗಗನಯಾತ್ರಿ 2013ರಲ್ಲಿ ಮೇಲಿನಿಂದಲೇ ವಿಡಿಯೋ ಮಾಡಿ ತೋರಿಸಿದ್ದಾರೆ. ಉದ್ದ ಕೂದಲು, ಎಲ್ಲ ನೆಟ್ಟಗೆ ಮೇಲಕ್ಕೆ ನಿಂತಿದೆ. ಒಂದು ಪೊಟ್ಟಣ ಅದುಮಿ ಬೆಚ್ಚಗಿನ ನೀರನ್ನು ಸ್ವಲ್ಪ ಸ್ವಲ್ಪವೇ ಬುಡಕ್ಕೆ ಬಿಡುತ್ತಾರೆ. ತಪ್ಪಿಸಿಕೊಂಡ ಹನಿಗಳನ್ನು ಕೈಯಲ್ಲಿ ಹಿಡಿಯುತ್ತಾರೆ. ಆಮೇಲೆ ತೊಳೆಯಬೇಕಿಲ್ಲದ ಶಾಂಪೂ. ಟವೆಲ್ಲಿನಿಂದ ಚೆನ್ನಾಗಿ ತಿಕ್ಕಿ, ಮತ್ತೆ ಸ್ವಲ್ಪ ನೀರು, ಮತ್ತೆ ಟವೆಲ್, ಬಾಚಣಿಗೆ. ಮುಗಿಯಿತು.

ನನಗೆ ಮನಸ್ಸಿಗೆ ತಾಗಿದ್ದು ಅದರ ಮುಂದಿನ ಮಾತು. ಕೂದಲು ಒಣಗುವಾಗ ಆ ನೀರು ಗಾಳಿಗೆ ಸೇರುತ್ತದೆ. ಯಂತ್ರ ಅದನ್ನು ಹಿಡಿದು ಮತ್ತೆ ಕುಡಿಯುವ ನೀರು ಮಾಡುತ್ತದೆ. ಬೆವರು, ಉಸಿರಿನ ತೇವ, ಮೂತ್ರ, ಎಲ್ಲವೂ ಹಾಗೆಯೇ. ಇಶ್ಶಿ ಅನ್ನಬೇಡ. ನಾವು ಇಲ್ಲಿ ಕುಡಿಯುವ ನೀರಿಗಿಂತ ಅದು ಶುದ್ಧ ಅಂತ ನಾಸಾದವರೇ ಹೇಳುತ್ತಾರೆ. 2023ರ ಹೊತ್ತಿಗೆ ನೂರಕ್ಕೆ 98 ಭಾಗ ನೀರನ್ನು ಹೀಗೆ ವಾಪಸ್ ಪಡೆಯುವಷ್ಟು ಕಲಿತಿದ್ದಾರೆ. ಕನ್ನಂಬಾಡಿ ತುಂಬಿತಾ ಇಲ್ಲವಾ ಅಂತ ವರ್ಷವರ್ಷ ಕಾಯುವ ನಮ್ಮ ಕಡೆಯವರು ಇದನ್ನು ಕೈಮುಗಿದು ನೋಡಬೇಕು. ನನಗಂತೂ ಹಾಗನ್ನಿಸಿತು.

ನಿನ್ನ ಸುನಿತಾ ಕಥೆಯೂ ಇದರಲ್ಲಿದೆ. 2024ರ ಜೂನ್‌ನಲ್ಲಿ ಅವರು ಹೊರಡುವ ಹೊತ್ತಿಗೆ ನಿಲ್ದಾಣದಲ್ಲಿ ಮೂತ್ರ ಶುದ್ಧ ಮಾಡುವ ಯಂತ್ರದ ಪಂಪು ಕೆಟ್ಟಿತ್ತು. ಹೊಸ ಪಂಪಿಗೆ ಜಾಗ ಬೇಕಲ್ಲ, ಸುನಿತಾ ಮತ್ತು ಜೊತೆಗೆ ಹೊರಟಿದ್ದ ಬುಚ್ ವಿಲ್ಮೋರ್ ಇಬ್ಬರ ಬಟ್ಟೆಯ ಸೂಟ್‌ಕೇಸ್‌ಗಳನ್ನೇ ಇಳಿಸಿಬಿಟ್ಟರು. ಹೇಗೂ ಎಂಟು ಹತ್ತು ದಿನದ ಮಾತು ಅಂದುಕೊಂಡಿದ್ದರು. ಆಗಿದ್ದು ಒಂಬತ್ತು ತಿಂಗಳು! ಅಲ್ಲಿ ಬಟ್ಟೆ ಒಗೆಯುವುದಕ್ಕೂ ಇಲ್ಲ. ಒಂದನ್ನೇ ದಿನಗಟ್ಟಲೆ ಹಾಕಿ, ಕೊನೆಗೆ ಕಸದ ಜೊತೆ ಸಾಮಾನಿನ ನೌಕೆಗೆ ತುಂಬುತ್ತಾರೆ. ಅದು ವಾಪಸ್ ಬರುವಾಗ ಗಾಳಿಯಲ್ಲಿ ಉರಿದುಹೋಗುತ್ತದೆ. ಆ ಇಬ್ಬರೂ ಅಲ್ಲಿದ್ದ ಹೆಚ್ಚುವರಿ ಬಟ್ಟೆಯಲ್ಲೇ ಶುರುವಿನ ವಾರಗಳನ್ನು ಕಳೆದರು. ಆ ತಾಳ್ಮೆ ನೋಡಿ ನನಗೆ ಕಣ್ಣು ತುಂಬಿತು.

ಹಲ್ಲುಜ್ಜಿದ ಪೇಸ್ಟನ್ನು ನುಂಗುವವರೂ ಇದ್ದಾರೆ, ಟವೆಲ್ಲಿಗೆ ಉಗಿಯುವವರೂ ಇದ್ದಾರೆ. ಬ್ರೆಡ್ಡಿನ ಪುಡಿ ತೇಲಿ ಕಣ್ಣಿಗೂ ಯಂತ್ರಕ್ಕೂ ಹೋಗುತ್ತೆ ಅಂತ ಚಪಾತಿಯಂಥ ಟೋರ್ಟಿಯಾ ತಿನ್ನುತ್ತಾರೆ.

ಊಟ ಅಂದಾಗ ನೆನಪಾಯಿತು. 1984ರಲ್ಲಿ ರಾಕೇಶ್ ಶರ್ಮಾ ಹೋದಾಗ ಮಾವಿನ ಹಣ್ಣಿನ ಬಾರ್ ಮಾಡಿಕೊಟ್ಟಿದ್ದು ನಮ್ಮ ಮೈಸೂರಿನ ಸಿದ್ಧಾರ್ಥನಗರದ ಡಿಎಫ್‌ಆರ್‌ಎಲ್‌ನವರು, ಅದೇ ರಕ್ಷಣಾ ಇಲಾಖೆಯ ಆಹಾರ ಸಂಶೋಧನಾಲಯದವರು. ನಮ್ಮವರನ್ನು ಬಾಹ್ಯಾಕಾಶಕ್ಕೆ ಕಳಿಸುವ ಇಸ್ರೋದ ಗಗನಯಾನಕ್ಕೂ ಅವರೇ ಊಟ ತಯಾರು ಮಾಡಿದ್ದಾರೆ. ಹಿಂದಿನ ಬೀದಿಯ ಅಂಕಲ್ ಅಲ್ಲೇ ಕೆಲಸದಲ್ಲಿದ್ದರಲ್ವಾ? ಸಿಕ್ಕರೆ ಇಡ್ಲಿಯನ್ನು ಹೇಗೆ ಒಣಗಿಸಿಡುತ್ತಾರೆ ಅಂತ ಕೇಳಿಡು. ಭಾನುವಾರ ಫೋನ್ ಮಾಡುತ್ತೇನೆ.

ಇಂತಿ,
ನಿನ್ನ ಮಗಳು