ದೂರು: ಟೈಪ್ ಮಾಡಿದ್ದು ಜಿ ಆಡ್9, ನುಡಿದದ್ದು ಜಿ9

ಗ್ರಾಹಕ ಸೇವೆಯವರಿಗೆ,

ನಮಸ್ಕಾರ. ನಿಮ್ಮ ಹಿಮ್ಮೇಳದ ಸಾಫ್ಟ್‌ವೇರನ್ನು ಮೂರು ವರ್ಷದಿಂದ ಬಳಸುತ್ತಿದ್ದೇನೆ. ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಹೆಸರು ಟೈಪ್ ಮಾಡಿ ಬಿಟ್ಟರೆ ಡ್ರಮ್ಸ್, ಬೇಸ್, ಪಿಯಾನೊ ಎಲ್ಲ ತಾವಾಗಿಯೇ ಜೊತೆಗೂಡುತ್ತವೆ. ಒಬ್ಬನೇ ಕೂತು ಗಿಟಾರ್ ನುಡಿಸುವವನಿಗೆ ಅದು ದೊಡ್ಡ ಉಪಕಾರವೇ. ಡ್ರಮ್ಸ್ ಬಗ್ಗೆ ತಕರಾರಿಲ್ಲ, ಬೇಸ್ ಬಗ್ಗೆಯೂ ಇಲ್ಲ. ನನ್ನ ತಕರಾರು ಒಂದೇ. ನಾನು ಬರೆದ ಕಾರ್ಡನ್ನು ನೀವು ಹೇಳದೆ ಕೇಳದೆ ಬದಲಾಯಿಸುತ್ತೀರಿ.

ಹೋದ ವಾರ ಆದದ್ದು ಇದು. ಜಿ ಮೇಜರ್‌ನಲ್ಲಿರುವ ಒಂದು ಹಾಡಿಗೆ ಟ್ರ್ಯಾಕ್ ಮಾಡುತ್ತಿದ್ದೆ, ಹಾಡುವವಳು ನನ್ನ ಗೆಳತಿ. ಮೂರನೇ ಬಾರ್‌ನಲ್ಲಿ, ಅಂದರೆ ತಾಳದ ಮೂರನೇ ಆವರ್ತದಲ್ಲಿ, ಜಿ ಆಡ್9 ಅಂತ ಟೈಪ್ ಮಾಡಿದೆ. ಅದರಲ್ಲಿರುವುದು ನಾಲ್ಕೇ ಸ್ವರ: ಜಿ, ಬಿ, ಡಿ, ಮೇಲೊಂದು ಎ, ಜಿಯಿಂದ ಎಣಿಸಿದರೆ ಒಂಬತ್ತನೆಯದು. ಸೆವೆಂತ್, ಅಂದರೆ ಏಳನೆಯದು, ಇಲ್ಲ. ಇಲ್ಲ ಅಂತ ಹೇಳುವುದಕ್ಕೇ ಆ 'ಆಡ್' ಅನ್ನೋ ಪದ ಇರುವುದು. ಬರೀ ಜಿ9 ಅಂದರೆ ಅದಕ್ಕೆ ಸೆವೆಂತ್ ಆದ ಎಫ್ ಕೂಡ ಸೇರಿ ಐದಾಗುತ್ತದೆ, ಅದು ಬೇರೆಯೇ ಕಾರ್ಡ್. ನಿಮ್ಮ ಸಾಫ್ಟ್‌ವೇರ್ 'ಆಡ್' ಅನ್ನು ನುಂಗಿ ಹಾಕಿ 9 ಮಾತ್ರ ಇಟ್ಟುಕೊಂಡಿತು. ಹಾಡುವವಳು ಆ ಬಾರ್‌ನಲ್ಲಿ ಎಫ್ ಶಾರ್ಪ್ ಮೇಲೆ ನಿಲ್ಲಬೇಕು. ನಿಂತಳು. ಕೆಳಗೆ ಪಿಯಾನೊ ಎಫ್ ಹಿಡಿದುಕೊಂಡಿತ್ತು. ಅರ್ಧ ಸ್ವರದ ಅಂತರ, ಕಿವಿಯಲ್ಲಿ ಮರಳು ಹಾಕಿದ ಹಾಗೆ.

ಅವಳದ್ದೇ ಶ್ರುತಿ ತಪ್ಪುತ್ತಿದೆ ಅಂದುಕೊಂಡೆ. ಬಾಯಿಬಿಟ್ಟು ಹೇಳಿಯೂ ಬಿಟ್ಟೆ! ಎರಡು ಸಂಜೆ ಅದೇ ಒಂದು ಸಾಲನ್ನು ಹಾಡಿಸಿದ್ದೇ ಹಾಡಿಸಿದ್ದು. ಕೊನೆಗೆ ತಲೆಕೆಟ್ಟು ಟ್ರ್ಯಾಕನ್ನು ಮಿಡಿ ಫೈಲ್ (ಯಾವ ಸ್ವರ ಯಾವಾಗ ಅಂತ ಬರೆದಿಡುವ ಫೈಲ್) ಮಾಡಿ ಬೇರೆ ಪ್ರೋಗ್ರಾಮ್‌ನಲ್ಲಿ ತೆರೆದು ಒಂದೊಂದೇ ಸ್ವರ ನೋಡಿದಾಗ, ಮೂರನೇ ಬಾರ್‌ನಲ್ಲಿ ಎಫ್ ಆರಾಮಾಗಿ ಕೂತಿತ್ತು. ತಪ್ಪು ನಿಮ್ಮದು, ಅವಳ ಹತ್ತಿರ ಕ್ಷಮೆ ಕೇಳಿದವನು ನಾನು.

ಇದರಲ್ಲಿ ನನಗೆ ಜಾಸ್ತಿ ಸಿಟ್ಟು ಬಂದದ್ದು ಯಾವುದಕ್ಕೆ ಗೊತ್ತಾ? ಪರದೆಯ ಮೇಲೆ ಕೊನೆಯವರೆಗೂ 'ಜಿ ಆಡ್9' ಅಂತಲೇ ಇತ್ತು. ಕಣ್ಣಿಗೆ ಒಂದು, ಕಿವಿಗೆ ಇನ್ನೊಂದು. ಅರ್ಥವಾಗಲಿಲ್ಲ ಅಂತ ಒಂದು ಕೆಂಪು ಗೆರೆ ಎಳೆದಿದ್ದರೂ ಸಾಕಿತ್ತು.

ಆಮೇಲೆ ಹಟಕ್ಕೆ ಬಿದ್ದು ಬೇರೆ ಕಾರ್ಡ್‌ಗಳನ್ನೂ ಟೈಪ್ ಮಾಡಿ ನೋಡಿದೆ. ಗಿಟಾರ್‌ನವರು (ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ ಹೆಸರಲ್ಲಿ) ಹೆಂಡ್ರಿಕ್ಸ್ ಕಾರ್ಡ್ ಅಂತ ಕರೆಯುವ ಇ7#9 ಗೊತ್ತಲ್ವಾ (# ಅಂದರೆ ಶಾರ್ಪ್, ಫ್ರೆಟ್ ಅಂದರೆ ಗಿಟಾರ್ ಕತ್ತಿನ ಮೇಲಿನ ಮನೆ), ಎ ತಂತಿಯ 7ನೇ ಫ್ರೆಟ್‌ನಲ್ಲಿ ಇ, ಡಿ ತಂತಿಯ 6ರಲ್ಲಿ ಜಿ ಶಾರ್ಪ್, ಜಿ ತಂತಿಯ 7ರಲ್ಲಿ ಡಿ, ಬಿ ತಂತಿಯ 8ರಲ್ಲಿ ಜಿ. ಒಂದೇ ಕಾರ್ಡ್‌ನಲ್ಲಿ ಜಿ ಶಾರ್ಪ್ ಮತ್ತು ಜಿ ಎರಡೂ ಇರುವುದೇ ಅದರ ಖಾರ. ಅದನ್ನು ಆವರಣ ಚಿಹ್ನೆಯೊಳಗೆ #9 ಅಂತ ಬರೆದರೆ ಸರಿಯಾಗಿ ನುಡಿಯುತ್ತದೆ. ಆವರಣ ಇಲ್ಲದೆ ಬರೆದರೆ # ಮಾಯ, ಬಿ ತಂತಿಯ ಬೆರಳು ಒಂದು ಫ್ರೆಟ್ ಹಿಂದೆ ಸರಿದು ಎಫ್ ಶಾರ್ಪ್‌ಗೆ ಬರುತ್ತದೆ, ಅಂದರೆ ಸಪ್ಪೆ ಇ9. ಸಿ6/9 ಬರೆದರೆ ಇನ್ನೂ ತಮಾಷೆ. ಓರೆಗೆರೆ ಆದಮೇಲೆ ಬರುವುದು ಬೇಸ್ ಸ್ವರ ಅಂತ ತಿಳಿದುಕೊಂಡು, '9' ಅನ್ನೋ ಸ್ವರವನ್ನು ಹುಡುಕಿ, ಸಿಗದೆ, ಸುಮ್ನೆ ಸಿ6 ನುಡಿಸುತ್ತದೆ. ಮೇಲಿನ ಡಿ ಸ್ವರ ಎಲ್ಲಿ ಹೋಯಿತೋ ಆ ದೇವರಿಗೇ ಗೊತ್ತು. ದೊಡ್ಡ ಎಂ ಮೇಜರ್, ಸಣ್ಣ ಎಂ ಮೈನರ್ ಅನ್ನೋ ಭೇದವೂ ಒಮ್ಮೆ ಇರುತ್ತದೆ, ಒಮ್ಮೆ ಇರುವುದಿಲ್ಲ.

ನ್ಯಾಯವಾಗಿ ಹೇಳಬೇಕು ಅಂದರೆ, ಒಳಗಿನ ಕೆಲಸ ಚೆನ್ನಾಗಿಯೇ ಇದೆ. ಜಿ13 ಕೊಟ್ಟೆ. ಪುಸ್ತಕದ ಲೆಕ್ಕದಲ್ಲಿ ಅದಕ್ಕೆ ಏಳು ಸ್ವರ, ಗಿಟಾರ್‌ಗೆ ಆರೇ ತಂತಿ, ಅದರಲ್ಲೂ 11ನೆಯದಾದ ಸಿ ಸ್ವರ ಬಿ ಜೊತೆ ಜಗಳಕ್ಕೆ ನಿಲ್ಲುತ್ತದೆ. ನಿಮ್ಮ ಗಿಟಾರ್ ಟ್ರ್ಯಾಕ್ ಜಿ, ಎಫ್, ಬಿ, ಇ ನಾಲ್ಕನ್ನೇ ಇಟ್ಟುಕೊಂಡು ಉಳಿದದ್ದನ್ನು ಬಿಟ್ಟಿತು. ಅನುಭವ ಇರುವ ಗಿಟಾರ್‌ನವನೂ ಹಾಗೇ ಮಾಡುತ್ತಾನೆ. ಇನ್ನೊಂದು, ಅದೇ ಜಿ ಆಡ್9 ಇರುವ ಮ್ಯೂಸಿಕ್ ಎಕ್ಸ್‌ಎಂಎಲ್ ಫೈಲನ್ನು (ಸ್ವರಲಿಪಿಯನ್ನು ಒಂದು ಪ್ರೋಗ್ರಾಮ್‌ನಿಂದ ಇನ್ನೊಂದಕ್ಕೆ ಸಾಗಿಸುವ ಫೈಲ್) ತೆರೆದರೆ ಎಫ್ ಬರುವುದೇ ಇಲ್ಲ! ಆ ಫೈಲ್‌ನಲ್ಲಿ ಕಾರ್ಡ್‌ನ ಜಾತಿ ಬೇರೆ, ಸೇರಿಸಿದ ಸ್ವರ ಬೇರೆ ಅಂತ ಬಿಡಿಸಿ ಬರೆದಿರುತ್ತದೆ. ಅಂದರೆ ನಿಮ್ಮ ಸಾಫ್ಟ್‌ವೇರ್‌ಗೆ ಆಡ್9 ಗೊತ್ತು. ನಾವು ಕೈಯಾರೆ ಟೈಪ್ ಮಾಡಿದ್ದನ್ನು ಓದುವ ಜಾಗದಲ್ಲಷ್ಟೇ ಎಡವುತ್ತಿದೆ.

ಇದನ್ನೆಲ್ಲ ಬರೆದು ಕಳಿಸಿದರೆ ನಿಮ್ಮ ಕಡೆಯಿಂದ ಬಂದ ಉತ್ತರ, ಪಟ್ಟಿಯಿಂದ ಆರಿಸಿಕೊಳ್ಳಿ ಅಂತ. ಆ ಪಟ್ಟಿಯನ್ನು ನೀವು ಯಾವತ್ತಾದರೂ ತೆರೆದು ನೋಡಿದ್ದೀರಾ? ಅಂಕಿಗಳನ್ನು ಅಕ್ಷರದ ಹಾಗೆ ಜೋಡಿಸಿರುವುದರಿಂದ ಮೊದಲು 11, ಆಮೇಲೆ 13, ಅದಾದ ಮೇಲೆ 6, 7, 9. ಮೂವತ್ತೆರಡು ಬಾರ್‌ನ ಹಾಡಿಗೆ ಪ್ರತಿ ಕಾರ್ಡ್‌ಗೂ ಅದನ್ನು ಮೇಲೆ ಕೆಳಗೆ ಎಳೆಯುತ್ತಾ ಕೂರುವ ಬದಲು ಹಿಮ್ಮೇಳವನ್ನು ನಾನೇ ಬಾಯಲ್ಲಿ ಹಾಕಬಹುದು.

ಕಾರ್ಡ್‌ಗಳ ಹೆಸರು ಎಲ್ಲ ಕಡೆ ಒಂದೇ ಥರ ಇಲ್ಲ ಅನ್ನೋದು ನನಗೂ ಗೊತ್ತು. ಮೈನಸ್ ಗುರುತನ್ನು ಕೆಲವರು ಮೈನರ್‌ಗೆ ಹಾಕುತ್ತಾರೆ, ಕೆಲವರು ಸ್ವರವನ್ನು ಅರ್ಧ ಇಳಿಸುವ ಫ್ಲಾಟ್‌ಗೆ, ಹಾಗಾಗಿ ಸಿ-9 ಅಂದರೆ ಎರಡು ಅರ್ಥ. ಪ್ಲಸ್ ಕಥೆಯೂ ಅದೇ. ಸಿ2 ಅಂದರೆ ಒಬ್ಬರಿಗೆ ಸಸ್2 (ಮೂರನೆಯ ಸ್ವರದ ಜಾಗದಲ್ಲಿ ಎರಡನೆಯದು), ಇನ್ನೊಬ್ಬರಿಗೆ ಆಡ್9. ಅದಕ್ಕೇ ಹೇಳುತ್ತಿರುವುದು, ಅನುಮಾನ ಬಂದರೆ ನನ್ನನ್ನು ಕೇಳಿ. ಊಹೆ ಮಾಡಿದರೆ ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಗುತ್ತದೆ. ಟೈಪ್ ಮಾಡಿದ ಕಾರ್ಡ್ ಕೆಳಗೆ ನುಡಿಯಲಿರುವ ಸ್ವರಗಳನ್ನು ಸಣ್ಣಕ್ಷರದಲ್ಲಿ ತೋರಿಸಿ, ಎಫ್ ಇದೆಯೋ ಇಲ್ಲವೋ ನಾನೇ ನೋಡಿಕೊಳ್ಳುತ್ತೇನೆ. ಒಂದು ಬರಹಕ್ಕೆ ಇದೇ ಅರ್ಥ ಅಂತ ಒಮ್ಮೆ ಹೇಳಿಕೊಟ್ಟರೆ ಮುಂದೆ ನೆನಪಿಟ್ಟುಕೊಳ್ಳುವ ವ್ಯವಸ್ಥೆ ಮಾಡಿದರೆ ಇನ್ನೂ ಒಳ್ಳೆಯದು. ಆ ಪಟ್ಟಿಯನ್ನಂತೂ ದಯವಿಟ್ಟು 6ರಿಂದ ಶುರು ಮಾಡಿ.

ಹಾಡಿನ ಫೈಲ್, ಮಿಡಿ ಫೈಲ್, ಮ್ಯೂಸಿಕ್ ಎಕ್ಸ್‌ಎಂಎಲ್ ಮೂರನ್ನೂ ಜೊತೆಗೆ ಕಳಿಸಿದ್ದೇನೆ. ಮೂರನೇ ಬಾರ್ ಕೇಳಿ, ಸಾಕು. ಈ ಸಲವೂ ಪಟ್ಟಿಯ ಉತ್ತರವನ್ನೇ ಕಳಿಸಬೇಡಿ, ಯಾವಾಗ ಸರಿ ಮಾಡುತ್ತೀರಿ ಅಂತ ಬರೆಯಿರಿ. ಅಲ್ಲಿಯವರೆಗೆ ಜಿ ಆಡ್9 ಇರುವ ಕಡೆಯೆಲ್ಲ ಬರೀ ಜಿ ಅಂತ ಹಾಕಿಕೊಂಡು, ಆ ಎ ಸ್ವರವನ್ನು ಜಿ ತಂತಿಯ 2ನೇ ಫ್ರೆಟ್‌ನಲ್ಲಿ ನಾನೇ ನುಡಿಸಿಕೊಳ್ಳುತ್ತಿದ್ದೇನೆ.

ಇಂತಿ,
ನಿಮ್ಮ ಹಳೆಯ ಗ್ರಾಹಕ